ಅಘನಾಶಿನಿ ಅಳಿವೆಯ ಗಜನಿ: ಊರೊಟ್ಟಿನ ಹೊಣೆಯ ಚರಿತ್ರೆ

ಪಶ್ಚಿಮಘಟ್ಟದ ಶಿರಸಿ ಸೀಮೆಯಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರವನ್ನು ಸೇರುವ ಅಘನಾಶಿನಿಯ ಅಳಿವೆಯಲ್ಲಿ, ಅಂದರೆ ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಕಲೆಯುವ ಮುಖಪ್ರದೇಶದಲ್ಲಿ, ಭರತದ ನೀರು ನುಗ್ಗುವ ತಗ್ಗುನೆಲಕ್ಕೆ ಮಣ್ಣಿನ ದಂಡೆ ಹಾಕಿ ಒಗ್ಗಿಸಿಕೊಂಡ ಗದ್ದೆಗಳಿಗೆ ಗಜನಿ ಎಂದು ಹೆಸರು. ಒಬ್ಬನ ಪಾಲಿನ ದಂಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು ಹರಡುತ್ತಿದ್ದುದರಿಂದ ಇಲ್ಲಿ ಬೇಸಾಯವು ಮೊದಲಿನಿಂದಲೂ ಊರೊಟ್ಟಿನ ಕೆಲಸವಾಗಿತ್ತು.

ದಂಡೆಯ ನಡುವೆ ಮರದ ಹಲಗೆಗಳಿಂದ ಮಾಡಿದ, ಜಂತ್ರಡಿ ಎಂದು ಕರೆಯಲಾಗುವ ನೀರಬಾಗಿಲು ಇರುತ್ತಿತ್ತು. ಹಾಸನ, ಚನ್ನರಾಯಪಟ್ಟಣಗಳ ಬಯಲಿನಲ್ಲಿ ಕೆರೆಯ ತೂಬನ್ನು ನೀರುಗಂಟಿ ಕಾಯುತ್ತಿದ್ದಂತೆ ಇದನ್ನೂ ಕಾಯಬೇಕಿತ್ತು. ಆದರೆ ತೂಬಿನ ಕೆಲಸ ನೀರನ್ನು ಹಂಚುವುದಾದರೆ, ಜಂತ್ರಡಿಯದು ಮಳೆನೀರನ್ನು ಹೊರಬಿಟ್ಟು ಕಡಲನ್ನು ತಡೆಯುವುದು. ಮುಂಗಾರಿನ ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆಯೊಡೆದ ಕಗ್ಗ ಭತ್ತವನ್ನು ಎರಚಲಾಗುತ್ತಿತ್ತು. ಉಪ್ಪನ್ನೂ, ಕೆಲದಿನಗಳ ನೆರೆಯನ್ನೂ ತಾಳಿಕೊಳ್ಳುವ ಈ ಎತ್ತರದ ತಳಿಗೆ ಗೊಬ್ಬರವಾಗಲಿ ಕೀಟನಾಶಕವಾಗಲಿ ಬೇಕಿರಲಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ ದಂಟನ್ನು ನೀರಿನಲ್ಲೇ ಬಿಡುತ್ತಿದ್ದರು. ಬಳಿಕ ಬಾಗಿಲು ತೆರೆದಾಗ ಒಳಬಂದ ಮೀನು, ಸೀಗಡಿಗಳಿಗೆ ಆ ಕೊಳೆತ ದಂಟೇ ಮೇವಿನ ಮೂಲವಾಗುತ್ತಿತ್ತು. ಹೀಗೆ ಒಂದೇ ನೆಲ ಮಳೆಗಾಲದಲ್ಲಿ ಅನ್ನವನ್ನೂ ಉಳಿದ ಕಾಲದಲ್ಲಿ ಮೀನನ್ನೂ ಕೊಡುತ್ತಿತ್ತು.

ಈ ಏರ್ಪಾಟನ್ನು ಸಮಾನರ ಕೂಟವೆಂದು ಬಣ್ಣಿಸುವುದು ಸರಿಯಲ್ಲ. ಭೂಮಾಲೀಕ, ಗೇಣಿದಾರ, ಮೀನುಗಾರ ಇವರ ಹಕ್ಕುಗಳು ಒಂದೇ ಆಗಿರಲಿಲ್ಲ. ಆದರೂ ಬೇಸಿಗೆಯಲ್ಲಿ ದಂಡೆಗೆ ಮಣ್ಣು ಹಾಕುವ ಹೊಣೆಯಿಂದ ಯಾರೂ ಸುಲಭವಾಗಿ ಜಾರಿಕೊಳ್ಳುವಂತಿರಲಿಲ್ಲ.

ಈ ಅಳಿವೆಯಿರುವ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1948ರಲ್ಲಿ, ಆ ಪ್ರಾಂತ್ಯವು ಖಾರ್ ಭೂಮಿ, ಎಂದರೆ ಉಪ್ಪುನೆಲ, ಕುರಿತು ಕಾನೂನನ್ನು ಮಾಡಿತ್ತು. ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ನಂತರದ ದಶಕಗಳಲ್ಲಿ ಸರ್ಕಾರವೇ ಖಾರ್ಲ್ಯಾಂಡ್ ಯೋಜನೆಯಡಿ ಶಾಶ್ವತ ದಂಡೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ, ಆದರೆ ದಂಡೆ ಸರ್ಕಾರದ್ದಾದ ಮೇಲೆ ಅದನ್ನು ದುರಸ್ತಿ ಮಾಡುವ ರೂಢಿ ಊರಿನಲ್ಲಿ ಸಡಿಲವಾಯಿತು. ಮುಂದೆ ಸೀಗಡಿಯ ಬೆಲೆ ಏರಿದಾಗ ಎಷ್ಟೋ ಗಜನಿಗಳು ಗುತ್ತಿಗೆಯವರ ಕೈಸೇರಿ, ವರ್ಷವಿಡೀ ಉಪ್ಪುನೀರು ನಿಂತು, ಕಗ್ಗ ಹಿಂದೆ ಸರಿಯಿತು. ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಕರಾವಳಿ ನಿಯಂತ್ರಣ ವಲಯದೊಳಗೆ ಸೀಗಡಿ ಉದ್ಯಮದ ಕೊಳಗಳಿಗೆ ತಡೆ ಹಾಕಿ, ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ನೀಡಿತು. ಬಿಟ್ಟುಹೋದ ಬೇಸಾಯವನ್ನು ಮರಳಿಸುವುದು ಮಾತ್ರ ತೀರ್ಪಿಗೆ ಸಾಧ್ಯವಿರಲಿಲ್ಲ.

ಆ ಕೆಲಸಕ್ಕೆ ಮುಂದಾದವರು ಮಾಣಿಕಟ್ಟಾದಂಥ ಗ್ರಾಮಗಳ ರೈತರು. ಅವರು ತುಂಡುತುಂಡಾಗಿದ್ದ ಗದ್ದೆಗಳನ್ನು ಒಟ್ಟುಗೂಡಿಸಿ, ಸಂಘದ ಹೊಣೆಯಲ್ಲಿ ಕಗ್ಗವನ್ನು ಮತ್ತೆ ಬಿತ್ತಿದರು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಘೋಷಿತವಾಯಿತು. ಈ ಮಾನ್ಯತೆಯ ಹೆಸರಿನಲ್ಲಿ ಅಧಿಕಾರವು ಮತ್ತೊಮ್ಮೆ ಊರಿನ ಕೈತಪ್ಪಿ ಹೋದರೆ, ಖಾರ್ಲ್ಯಾಂಡ್ ಯೋಜನೆಯ ಕಾಲದ ತಪ್ಪೇ ಮರುಕಳಿಸುತ್ತದೆ. ಆದ್ದರಿಂದ ಅಳಿವೆಯ ನಿರ್ವಹಣಾ ಯೋಜನೆಯಲ್ಲಿ ಗಜನಿ ರೈತರಿಗೂ ಮೀನುಗಾರರಿಗೂ ಅಳಿವೆಯಲ್ಲಿ ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಹೆಂಗಸರಿಗೂ ನಿರ್ಣಯದ ಹಕ್ಕು ಇರಬೇಕು.