ಟಿಫನಿ ದೀಪ, ಕ್ಲಾರಾ ಕಾಗದ

ಚರ್ಚಿನ ಕಿಟಕಿಯಲ್ಲಿದ್ದ ಬಣ್ಣದ ಗಾಜನ್ನು ಅಮೆರಿಕದ ಮನೆಗಳ ಮೇಜಿನ ಮೇಲೆ ತಂದು ಕೂರಿಸಿ ಹೆಸರು ಮಾಡಿದ್ದು ನ್ಯೂಯಾರ್ಕಿನ ಲೂಯಿ ಕಂಫರ್ಟ್ ಟಿಫನಿಯ ಕಂಪನಿ. ಆ ಲ್ಯಾಂಪ್‌ಶೇಡ್‌ಗಳ ವಿನ್ಯಾಸ ಯಾರದು? ಬಹುಕಾಲ ಎಲ್ಲರೂ ಟಿಫನಿಯದೇ ಎಂದುಕೊಂಡಿದ್ದರು. ದೀಪದ ಮೇಲೆ ಕಂಪನಿಯ ಮುದ್ರೆ ಇರುವಾಗ ಬೇರೆ ಯಾರನ್ನು ಕೇಳುವುದು!

ಸುಳಿವೊಂದು ಇತ್ತು. 1904ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಕ್ಲಾರಾ ಡ್ರಿಸ್ಕಾಲ್ ಎಂಬ ಮಹಿಳೆಯ ಬಗ್ಗೆ ಬರೆದಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಬಹುಮಾನ ಗಿಟ್ಟಿಸಿದ ಏರೋಪ್ಲೇನ್ ಚಿಟ್ಟೆಯ ದೀಪ ಇವರದೇ, ವರ್ಷದ ಸಂಪಾದನೆ 10,000 ಡಾಲರ್‌ಗೂ ಮಿಗಿಲು ಎಂದಿತ್ತು. ಆದರೆ ಒಂದು ಪತ್ರಿಕಾ ವರದಿ ಪುರಾವೆಯಾಗದು. ಕಂಪನಿಯ ಕಡತಗಳೂ ಉಳಿದಿರಲಿಲ್ಲ.

ಪುರಾವೆ ಸಿಕ್ಕಿದ್ದು 2005ರ ಸುಮಾರಿಗೆ, ಕುಟುಂಬದ ಕಾಗದಗಳಲ್ಲಿ. ಕ್ಲಾರಾ ಓಹಾಯೋದಲ್ಲಿದ್ದ ತಾಯಿಗೂ ತಂಗಿಯರಿಗೂ ಬಿಡದೆ ಬರೆಯುತ್ತಿದ್ದರು. ಒಬ್ಬರು ಓದಿ ಇನ್ನೊಬ್ಬರಿಗೆ ಕಳಿಸುವುದು ಮನೆಯ ರೂಢಿ. ಆ ಕಾಗದಗಳಲ್ಲಿ ಒಂದು ಪಾಲು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ನ್ಯೂಯಾರ್ಕಿನ ಕ್ವೀನ್ಸ್ ಇತಿಹಾಸ ಸಂಘದಲ್ಲಿ. ಸಂಶೋಧಕರಾದ ಮಾರ್ಟಿನ್ ಐಡಲ್‌ಬರ್ಗ್ ಮತ್ತು ನೀನಾ ಗ್ರೇ ಒಬ್ಬರಿಗೊಬ್ಬರು ತಿಳಿಯದೆಯೇ ಇವುಗಳ ಜಾಡು ಹಿಡಿದಿದ್ದರು.

ಇವು ಟಿಫನಿಯನ್ನು ಕೆಡವುವ ಉದ್ದೇಶದಿಂದ ಬರೆದವಲ್ಲ. ಊರಿನ ಸುದ್ದಿ, ಸೈಕಲ್ ಸವಾರಿಯ ಮಾತಿನ ನಡುವೆ ಕೆಲಸದ ವಿವರ ಬಂದುಹೋಗುತ್ತದೆ. ಹಾಗಾಗಿಯೇ ನನಗೆ ಇವು ಯಾವ ಕ್ಯಾಟಲಾಗಿಗಿಂತ ಹೆಚ್ಚು ನಂಬಿಕೆಗೆ ಯೋಗ್ಯ. ವಿಸ್ಟೀರಿಯಾ ಹೂವಿನ ದೀಪದ ವಿನ್ಯಾಸ ಕ್ಲಾರಾ ಅವರದೆಂದು ಗೊತ್ತಾದದ್ದು ಇಲ್ಲಿಂದಲೇ. ಅದರ ಒಂದು ಶೇಡಿಗೆ ಸುಮಾರು 2,000 ಗಾಜಿನ ಚೂರು. ಹೂವಿನ ಎಸಳು ಎಲ್ಲಿ ಕಡು, ಎಲ್ಲಿ ತೆಳು ಎಂದು ಗಾಜಿನ ಹಾಳೆಯನ್ನು ಬೆಳಕಿಗೆ ಹಿಡಿದು ಆರಿಸಿ ಕತ್ತರಿಸಬೇಕು. ಪ್ರತಿ ಚೂರಿನ ಅಂಚಿಗೂ ತೆಳು ತಾಮ್ರದ ಪಟ್ಟಿ ಸುತ್ತಿ ಬೆಸೆಯಬೇಕು. ಚರ್ಚಿನ ಕಿಟಕಿಯ ದಪ್ಪ ಸೀಸದ ಪಟ್ಟಿ ಇಷ್ಟು ಸಣ್ಣ ಚೂರುಗಳಿಗೆ ಒಗ್ಗದು. ಗಾಜು ಆರಿಸಿ ಕತ್ತರಿಸುವ ಈ ಕೆಲಸ ಕ್ಲಾರಾ ಮುಖ್ಯಸ್ಥೆಯಾಗಿದ್ದ ಮಹಿಳಾ ವಿಭಾಗದ್ದು.

ಸಂಬಳ? ವಾರಕ್ಕೆ 35 ಡಾಲರ್, ಅಂದರೆ ವರ್ಷಕ್ಕೆ ಎರಡು ಸಾವಿರವೂ ಇಲ್ಲ. ಪತ್ರಿಕೆ ದೀಪದ ವಿಷಯದಲ್ಲಿ ನಿಜ ಹೇಳಿತ್ತು, ದುಡ್ಡಿನ ವಿಷಯದಲ್ಲಿ ಚೆನ್ನಾಗಿಯೇ ಉಬ್ಬಿಸಿತ್ತು.

ಟಿಫನಿಯ ಪಾಲು ಇಲ್ಲವೆಂದಲ್ಲ. ಗಾಜು ಅವರ ಕುಲುಮೆಯದು, ವಿನ್ಯಾಸಕ್ಕೆ ಕೊನೆಯ ಒಪ್ಪಿಗೆಯೂ ಅವರದು. ಮದುವೆಯಾದ ಹೆಂಗಸರಿಗೆ ಕೆಲಸವಿಲ್ಲ ಎಂಬ ನಿಯಮವೂ ಅವರ ಕಂಪನಿಯದೇ. 1909ರಲ್ಲಿ ಮರುಮದುವೆಯಾದ ಕ್ಲಾರಾ ಕೆಲಸ ಬಿಟ್ಟರು. ಅವರ ಹೆಸರಿನಲ್ಲಿ ನ್ಯೂಯಾರ್ಕ್ ಇತಿಹಾಸ ಸಂಘ ಪ್ರದರ್ಶನ ಏರ್ಪಡಿಸಿದ್ದು 2007ರಲ್ಲಿ.