ಫ್ಲಾನೆಲ್ಲಿನ ನವಿರು

ಮಗಳು ಹುಟ್ಟಿದ ವಾರ ಅಮ್ಮ ಪೇಟೆಯಿಂದ ಫ್ಲಾನೆಲ್ ಬಟ್ಟೆ ತಂದಿದ್ದಳು. ಸ್ನಾನವಾದ ಮೇಲೆ ಮಗುವನ್ನು ಅದರಲ್ಲಿ ಸುತ್ತಿ ಸಾಂಬ್ರಾಣಿ ಹೊಗೆ ಕೊಡುವಾಗ, “ಕೆಂಡದಿಂದ ದೂರ ಹಿಡಿಯೇ, ಈ ಬಟ್ಟೆಗೆ ಒಂದು ಕಿಡಿ ಸಾಕು” ಎಂದಳು. ಉಣ್ಣೆಯಂತೆ ಮೆತ್ತಗಿದ್ದ ಆ ಬಟ್ಟೆ ಅಸಲಿಗೆ ಹತ್ತಿಯದು ಎಂದು ನನಗೆ ಗೊತ್ತಾದದ್ದು ಆಮೇಲೆ.

ಮೂಲ ಫ್ಲಾನೆಲ್ ಉಣ್ಣೆಯದೇ. ಹೆಸರು ಬಂದದ್ದು ವೆಲ್ಷ್ ಭಾಷೆಯಿಂದ ಎನ್ನುತ್ತಾರೆ. ಅಲ್ಲಿ ‘ಗ್ವಲಾನ್’ ಎಂದರೆ ಉಣ್ಣೆ. 19ನೇ ಶತಮಾನದ ಮೊದಲರ್ಧದಲ್ಲಿ ವೇಲ್ಸಿನ ನ್ಯೂಟೌನಿನಲ್ಲಿ ಕೆಳಗೆ ನೇಕಾರರ ಮನೆಗಳು, ಮೇಲಂತಸ್ತುಗಳಲ್ಲಿ ಕೈಮಗ್ಗಗಳು. ಬಾಚಿ ನೂತ ಉಣ್ಣೆಯನ್ನು ಸಡಿಲವಾಗಿ ನೇಯುತ್ತಿದ್ದರು. ನೇಯ್ದದ್ದನ್ನು ನೆನೆಸಿ, ನೀರಿನ ಚಕ್ರದಿಂದ ನಡೆಯುವ ಮರದ ಕೊಡತಿಗಳಿಂದ ಬಡಿದಾಗ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತಿತ್ತು. ಆಮೇಲೆ ಕೊಕ್ಕೆಗಳ ಚೌಕಟ್ಟಿಗೆ ಬಿಗಿದು ಒಣಗಿಸಬೇಕು. ಮೇಲ್ಮೈಯನ್ನು ಮೆಲ್ಲಗೆ ಕೆರೆದರೆ ನವಿರು ಏಳುತ್ತದೆ. ಆ ನವಿರು ಗಾಳಿಯನ್ನು ಹಿಡಿದಿಡುತ್ತದೆ. ಮೈ ಬೆಚ್ಚಗಾಗುವುದು ಅದರಿಂದಲೇ.

ಉಣ್ಣೆ ಎಲ್ಲರ ಕೈಗೆಟುಕುವುದಲ್ಲ. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ಗಿರಣಿಗಳು ಹತ್ತಿ ಬಟ್ಟೆಯನ್ನೇ ತಂತಿಮುಳ್ಳಿನ ಉರುಳೆಗಳಿಂದ ಕೆರೆದು ನವಿರೆಬ್ಬಿಸಿದವು. ಫ್ಲಾನೆಲೆಟ್ ಎಂಬ ಆ ಅಗ್ಗದ ಬಟ್ಟೆ ಬಡವರ ಮಕ್ಕಳ ರಾತ್ರಿಯಂಗಿಯಾಯಿತು. ಆದರೆ ಉಣ್ಣೆ ಸುಲಭವಾಗಿ ಹೊತ್ತುವುದಿಲ್ಲ, ಹತ್ತಿ ಹೊತ್ತುತ್ತದೆ. ಗಾಳಿಯಲ್ಲಿ ನಿಂತ ಹತ್ತಿಯ ನವಿರಿನ ಮೇಲೆ ಜ್ವಾಲೆ ಕ್ಷಣದಲ್ಲಿ ಹರಿದಾಡುತ್ತದೆ. ಮನೆಯೊಳಗಿನ ತೆರೆದ ಅಗ್ಗಿಷ್ಟಿಕೆಯ ಮುಂದೆ ಚಳಿ ಕಾಯಿಸುತ್ತಿದ್ದ ಮಕ್ಕಳು ಸುಟ್ಟು ಸತ್ತರು.

20ನೇ ಶತಮಾನದ ಆರಂಭದಲ್ಲಿ ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ವಿಲಿಯಂ ಹೆನ್ರಿ ಪರ್ಕಿನ್ (ಕಿರಿಯ) ಇದಕ್ಕೊಂದು ಉಪಾಯ ಹುಡುಕಿದರು. ಅದುವರೆಗಿನ ಬೆಂಕಿನಿರೋಧಕ ಲವಣಗಳು ಒಗೆದರೆ ಹೋಗಿಬಿಡುತ್ತಿದ್ದವು. ಪರ್ಕಿನ್ ತವರದ ಸಂಯುಕ್ತವೊಂದನ್ನು ಎಳೆಯೊಳಗೇ ಕೂರಿಸಿದರು; ಸೋಪು ಹಾಕಿ ಒಗೆದರೂ ಅದು ಉಳಿಯಿತು. ಆದರೆ ಈ ಸಂಸ್ಕರಣೆಗೂ ಖರ್ಚಿತ್ತು, ಅಗ್ಗವೆಂದೇ ಕೊಳ್ಳುವವರ ಬಟ್ಟೆಗೆ ಅದೂ ಭಾರವೇ.

1913ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಕಾಯ್ದೆ ತಂದಿತು. ಅದು ಫ್ಲಾನೆಲೆಟ್ಟನ್ನು ನಿಷೇಧಿಸಲಿಲ್ಲ. ನಿಗದಿತ ಮಟ್ಟ ಮುಟ್ಟದ ಬಟ್ಟೆಯನ್ನು ‘ಬೆಂಕಿ ತಗಲದು’ ಎಂದು ಹೇಳಿ ಮಾರಬಾರದು ಎಂದಿತು, ಅಷ್ಟೆ. ಹಾಗೆ ಹೇಳದೆ ಮಾರಿದರೆ ತಪ್ಪಿರಲಿಲ್ಲ. ಎಚ್ಚರ ವಹಿಸುವ ಹೊಣೆ ತಾಯಂದಿರದೇ ಆಗಿ ಉಳಿಯಿತು.

ಅಮ್ಮನಿಗೆ ಈ ಕತೆ ಯಾವುದೂ ಗೊತ್ತಿರಲಿಲ್ಲ. ಆದರೂ ಕೆಂಡದ ಬಟ್ಟಲನ್ನು ಅವಳೇ ಕಾಲಿನಿಂದ ಆಚೆ ಸರಿಸಿದ್ದಳು.