ಗಾದೆಯ ಜಾಮೀನು

ಓದುಗರೇ, ಉಪಮೆ, ರೂಪಕ, ಅತಿಶಯೋಕ್ತಿ ಎಂದೊಡನೆ ಇದು ಕವಿಗಳ ವಿಷಯ, ನಮಗೇಕೆ ಎಂದು ಪುಟ ತಿರುವಬೇಡಿ. ನಮ್ಮನ್ನು ಒಪ್ಪಿಸಲೆಂದು ಅಚ್ಚಾಗುವ ನೋಟೀಸಿನಲ್ಲೂ ಓಟಿನ ಕರಪತ್ರದಲ್ಲೂ ಇವೇ ಕೆಲಸ ಮಾಡುತ್ತವೆ.

ಈ ಹೆಸರುಗಳು ಕನ್ನಡಕ್ಕೆ ಬಂದ ದಾರಿ ಒಂದು ಕಡೆ ತಮಿಳುನಾಡನ್ನೇ ಹಾದುಹೋಗುತ್ತದೆ. ಸುಮಾರು ಕ್ರಿ.ಶ. 700ರ ಹೊತ್ತಿಗೆ ಪಲ್ಲವರ ಕಂಚಿಯಲ್ಲಿದ್ದ ದಂಡಿಯು ಸಂಸ್ಕೃತದಲ್ಲಿ 'ಕಾವ್ಯಾದರ್ಶ'ವನ್ನು ಬರೆದು, ಅದರಲ್ಲಿ 35 ಅರ್ಥಾಲಂಕಾರಗಳನ್ನು ವಿವರಿಸಿದನು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (814–878) ಆಸ್ಥಾನದಲ್ಲಿದ್ದ ಶ್ರೀವಿಜಯನು ಬಹುಮಟ್ಟಿಗೆ ಅದನ್ನೇ ಅನುಸರಿಸಿ 'ಕವಿರಾಜಮಾರ್ಗ'ವನ್ನು ರಚಿಸಿದನು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದೇ ಮಾತು ಕಟ್ಟುವುದನ್ನು ಕಲಿಸುವ ಪುಸ್ತಕ! ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅದು ಹೇಳುತ್ತದೆ. ಕಂಬಂ ಕಣಿವೆಯ ನಾವು ಆ ಎಲ್ಲೆಯಿಂದ ಬಹಳ ತೆಂಕಲಿಗಿರುವವರು. ಆದರೂ ಓದು ಕಲಿಯದವರೂ ಮಾತಿನಲ್ಲಿ ಜಾಣರೆಂದು ಅದು ಹೊಗಳಿದ್ದರಲ್ಲಿ ನಮ್ಮ ಅಜ್ಜಿಯರಿಗೂ ಪಾಲುಂಟು.

12ನೆಯ ಶತಮಾನದಲ್ಲಿ ಅದೇ ಕಾವ್ಯಾದರ್ಶದ ಜಾಡಿನಲ್ಲಿ ತಮಿಳಿನ 'ದಂಡಿಯಲಂಕಾರಂ' ಬಂತು. ಆದ್ದರಿಂದ ನಮ್ಮ ಮಕ್ಕಳು ತಮಿಳು ಪಾಠದಲ್ಲಿ ಉರುಹೊಡೆಯುವ ಉವಮೈ, ಉರುವಗಂ ಎಂಬವು ನಮ್ಮ ಉಪಮೆ, ರೂಪಕಗಳೇ. ವೇಟ್ರುಪ್ಪೊರುಳ್ ವೈಪ್ಪಣಿ ಎಂಬ ಉದ್ದನೆಯ ಹೆಸರು ಕನ್ನಡದಲ್ಲಿ ಅರ್ಥಾಂತರನ್ಯಾಸ. ಬೇರೊಂದು ಅರ್ಥವನ್ನು ತಂದಿಡುವುದು ಎಂದೇ ಎರಡರ ಅರ್ಥ.

ಇದರ ಹತ್ತಿರ ಸ್ವಲ್ಪ ನಿಲ್ಲೋಣ. ತಾನು ಹೇಳಿದ ಮಾತಿಗೆ ಬಲ ಬರಲೆಂದು, ಲೋಕವೆಲ್ಲ ಒಪ್ಪುವ ಇನ್ನೊಂದು ಮಾತನ್ನು ಪಕ್ಕದಲ್ಲಿ ಇಡುವುದು ಇದರ ರೀತಿ. ಬ್ಯಾಂಕಿನವನಾದ ನಾನು ಇದನ್ನು ಜಾಮೀನು ಎನ್ನುತ್ತೇನೆ. ಸಾಲಗಾರ ಯಾರೋ, ರುಜು ಹಾಕುವ ದೊಡ್ಡ ಮನುಷ್ಯ ಬೇರೆ ಯಾರೋ.

1990ರ ದಶಕದಲ್ಲಿ ತಮಿಳುನಾಡಿನ ಊರೂರಲ್ಲೂ ಫೈನಾನ್ಸ್ ಕಂಪನಿಗಳು ಎದ್ದವು. ಬ್ಯಾಂಕು ಕೊಡುವುದರ ಎರಡರಷ್ಟು ಬಡ್ಡಿಯ ಆಸೆ ತೋರಿಸಿದವು. ಅಂಥದೊಂದು ನೋಟೀಸಿನ ತಲೆಯ ಮೇಲೆ 'ಸಿರು ತುಳಿ ಪೆರು ವೆಳ್ಳಂ' ಎಂದು ಅಚ್ಚಾಗಿತ್ತು. ನಮ್ಮ ಹನಿ ಹನಿ ಗೂಡಿದರೆ ಹಳ್ಳ ಎಂಬುದೇ ಅದು. ಗಾದೆ ಸುಳ್ಳಲ್ಲ. ಆದರೆ ಗಾದೆ ನಿಜವೆಂದ ಮನಸ್ಸು ಅದೇ ಉಸಿರಿನಲ್ಲಿ ಕಂಪನಿಯನ್ನೂ ನಂಬಿಬಿಡುತ್ತದೆ. ಹನಿಗೂಡಿ ಹಳ್ಳವಾಗುವುದು ನಿಜ, ಅದರ ಕಟ್ಟೆ ಗಟ್ಟಿಯಾಗಿದೆಯೇ ಎಂಬುದಕ್ಕೆ ಆ ಗಾದೆಯಲ್ಲಿ ಉತ್ತರವಿಲ್ಲ. ಏಲಕ್ಕಿ ಮಾರಿ ಇಟ್ಟ ಫಿಕ್ಸೆಡ್ ಡಿಪಾಸಿಟ್ಟನ್ನು ಅವಧಿಗೆ ಮೊದಲೇ ಮುರಿಸಿ, ಬಡ್ಡಿ ಕಳೆದುಕೊಂಡು ಹಣ ಒಯ್ದವರನ್ನು ಕೌಂಟರಿನಲ್ಲಿ ಕಂಡಿದ್ದೇನೆ. ಯಾಕಣ್ಣಾ ಎಂದರೆ ಆ ಗಾದೆಯನ್ನೇ ಹೇಳುತ್ತಿದ್ದರು. ಅತಿಶಯೋಕ್ತಿಗೆ ನಮ್ಮ ಜನ ಅಷ್ಟು ಬೇಗ ಬೀಳುವುದಿಲ್ಲ, 'ಬಿಡಪ್ಪಾ' ಎಂದು ನಗುತ್ತಾರೆ. ಅಜ್ಜಿ ಹೇಳಿದ ಗಾದೆಗೆ ನಗಲಾದೀತೆ?

ಹಲವು ಕಂಪನಿಗಳು ಬಾಗಿಲು ಹಾಕಿದವು. ಠೇವಣಿದಾರರ ಹಿತರಕ್ಷಣೆಗಾಗಿ ತಮಿಳುನಾಡಿನಲ್ಲಿ 1997ರಲ್ಲಿ ಕಾಯಿದೆಯೇ ಬಂತು. ಹಣ ಹಿಂತಿರುಗಿಸದ ಕಂಪನಿಯ ಆಸ್ತಿಯನ್ನು ಜಪ್ತಿ ಮಾಡಲು, ವಿಶೇಷ ನ್ಯಾಯಾಲಯದ ಮೂಲಕ ಠೇವಣಿದಾರರಿಗೆ ಹಂಚಲು ಅದರಲ್ಲಿ ಅವಕಾಶವಿದೆ.

ಕಾವ್ಯದಲ್ಲಿ ಈ ಅಲಂಕಾರ ನಮ್ಮಿಂದ ಕೇಳುವುದು ಒಂದು ಮೆಚ್ಚುಗೆಯನ್ನು. ನೋಟೀಸು ಹಣ ಕೇಳುತ್ತದೆ, ಕರಪತ್ರ ಓಟು ಕೇಳುತ್ತದೆ. ಇನ್ನು ಮುಂದೆ ಅಂಥ ಕಾಗದ ಕೈಗೆ ಬಂದರೆ ಗಾದೆಯ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ.